ಬಾವುಟದ ಮೇಷ್ಟ್ರ ಜ್ಞಾನಜ್ವಾಲೆ

ಅವರನ್ನು ಊರೆಲ್ಲ ಬಾವುಟದ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಬಾವುಟ ಹಾರಿಸುವುದೋ ಇಳಿಸುವುದೋ ಅವರ ಕೆಲಸವಲ್ಲ. ಅದರ ಅರ್ಥ ಹೇಳುವುದು ಅವರ ಕೆಲಸ. ನಾಲ್ಕನೇ ತರಗತಿಯ ಪುಸ್ತಕದಲ್ಲಿ 'ನಮ್ಮ ಬಾವುಟ' ಎಂಬ ಪಾಠ ಬರೆದವರೇ ಅವರು. ಮೇಲಿನ ನೀಲಿ ಪಟ್ಟಿ ವಿಶಾಲ ಮನಸ್ಸು, ಕೆಳಗಿನ ಹಳದಿ ದುಡಿಮೆಯ ಫಲ, ನಡುವಿನ ಬಿಳಿ ಶಾಂತಿ, ಆ ಬಿಳಿಯ ಮಧ್ಯದ ಕೆಂಪು ಜ್ವಾಲೆ ಜ್ಞಾನ, ಜ್ವಾಲೆಯ ಚೂಪು ತುದಿ ಜನತೆಯ ಏರುವ ಆಕಾಂಕ್ಷೆ. ಈ ಸಾಲುಗಳನ್ನು ಬಾಯಿಪಾಠ ಮಾಡದೆ, ಮಾಡಿದ್ದನ್ನು ಮರೆತು ಕಿವಿ ಹಿಂಡಿಸಿಕೊಳ್ಳದೆ ದೊಡ್ಡವರಾದವರು ಆ ದೇಶದಲ್ಲಿ ಯಾರೂ ಇರಲಿಲ್ಲ.

ನಿವೃತ್ತರಾದರೂ ಅರ್ಥ ಹೇಳುವ ಚಟ ಬಿಡಲಿಲ್ಲ. ಬಸ್ಸಿಗೆ ಬಳಿದ ಬಣ್ಣಕ್ಕೆ ಒಂದು ಅರ್ಥ, ಬ್ಯಾಂಕಿನ ಕಿಟಕಿಯ ಪರದೆಗೆ ಇನ್ನೊಂದು. "ಹಗ್ಗದ ಮೇಲೆ ಒಣಗ್ತಿದ್ದ ನನ್ನ ಲಂಗದಲ್ಲೂ ಮೊನ್ನೆ ಇವರಿಗೆ ಏನೋ ಸಂದೇಶ ಕಾಣಿಸ್ತಂತೆ" ಎಂದು ಅವರ ಹೆಂಡತಿ ತಂಗಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು.

ಅಂಥವರಿಗೆ ಈ ವರ್ಷ ಸಂಕಟ ಬಂದೊದಗಿತು. ಮಕ್ಕಳ ಚೀಲ ಭಾರವಾಯಿತೆಂದು ಪಠ್ಯಪುಸ್ತಕದ ಕಚೇರಿಯವರು ಪಾಠಗಳಿಗೆ ಕತ್ತರಿ ಹಾಕತೊಡಗಿದ್ದರು. 'ನಮ್ಮ ಬಾವುಟ'ದ ಕತ್ತಿನ ಮೇಲೂ ಕತ್ತರಿ ಇದೆಯೆಂಬ ಸುದ್ದಿ ಮೇಷ್ಟ್ರ ಕಿವಿಗೆ ಬಿತ್ತು. ಅನ್ನ ರುಚಿಸಲಿಲ್ಲ. ಪಾಠ ಹೋದರೆ ಅವರ ಪಾಲಿಗೆ ಉಳಿಯುವುದು ಪಿಂಚಣಿ ಮತ್ತು ಮಂಡಿನೋವು, ಅಷ್ಟೆ.

ಆಗ ಅವರಿಗೆ ನೆನಪಾದವರು ಅತ್ತೆ. ದೇಶದ ಮೊಟ್ಟಮೊದಲ ಬಾವುಟವನ್ನು ಸರ್ಕಾರಿ ಹೊಲಿಗೆ ಕಾರ್ಖಾನೆಯಲ್ಲಿ ಹೊಲಿದದ್ದು ಸಾಕ್ಷಾತ್ ಅವರೇ. ಬಾವುಟಕ್ಕೆ ಐವತ್ತು ತುಂಬುವ ಸಮಾರಂಭ ಪುರಸಭೆಯ ಸಭಾಂಗಣದಲ್ಲಿ ನಡೆಯುವುದಿತ್ತು. ಪಠ್ಯಪುಸ್ತಕದ ಅಧಿಕಾರಿಣಿಯೇ ಮುಖ್ಯ ಅತಿಥಿ. ಅತ್ತೆಗೆ ಶಾಲು, ತಮಗೆ ಮೈಕು. ಅಧಿಕಾರಿಣಿಯ ಮನಸ್ಸು ಕರಗದೆ ಎಲ್ಲಿ ಹೋದೀತು? ಮೇಷ್ಟ್ರು ಓಡಾಡಿ ಎಲ್ಲವನ್ನೂ ಗೊತ್ತುಮಾಡಿದರು.

ಸಮಾರಂಭದ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆಗೆ ತಾಲೀಮು.

"ಅತ್ತೆ, ನೀವು ಹೆಚ್ಚೇನೂ ಹೇಳೋದು ಬೇಡ. 'ಜ್ಞಾನದ ಜ್ವಾಲೆಯನ್ನು ಹೊಲಿದ ಕೈ ಇದು' ಅಂತ ಕೈ ಎತ್ತಿ ತೋರಿಸಿ, ಸಾಕು."

"ಯಾವ ಜ್ವಾಲೆ?" ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ಅದೇ, ನಡುವೆ ಕೆಂಪಗೆ ಇದೆಯಲ್ಲ."

"ಓ, ಅದಾ! ಅದು ತೇಪೆ ಅಲ್ವಾ, ಅಳಿಯಂದಿರೇ?"

ಮೇಷ್ಟ್ರು ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಅತ್ತೆ ನಿರಾಳವಾಗಿ ಮುಂದುವರಿಸಿದರು. ಮೇಲಿನವರು ಕಳಿಸಿದ ಚಿತ್ರದಲ್ಲಿ ಇದ್ದದ್ದು ಬರೀ ಮೂರು ಪಟ್ಟಿ. ಇಸ್ತ್ರಿ ಮಾಡುವಾಗ ಪೆಟ್ಟಿಗೆ ಬಿಳಿಯ ಮೇಲೆ ಕೂತುಬಿಟ್ಟಿತು. ಎತ್ತಿ ನೋಡಿದರೆ ಪೆಟ್ಟಿಗೆಯ ಆಕಾರಕ್ಕೇ ಬಟ್ಟೆ ಸೀದಿದೆ. ಬೇರೆ ಬಿಳಿ ಬಟ್ಟೆ ಇರಲಿಲ್ಲ. ಕೋಟಿನ ಅಸ್ತರಿಗೆಂದು ಇಟ್ಟ ಕೆಂಪು ಬಟ್ಟೆಯನ್ನು ಅದೇ ಅಳತೆಗೆ ಕತ್ತರಿಸಿ ಎರಡೂ ಕಡೆಗೆ ಹಚ್ಚಿದ್ದಾಯಿತು.

"ಮತ್ತೆ ದೊಡ್ಡವರು ಯಾರೂ ಏನೂ ಅನ್ಲಿಲ್ವಾ?" ಮೇಷ್ಟ್ರು ಕೇಳಿದರು.

"ಎಲ್ಲ ಬಂದ್ರು, ಮುಖ ಮುಖ ನೋಡ್ಕೊಂಡ್ರು. ಇದು ಇನ್ನೊಬ್ಬರ ಐಡಿಯಾ ಇರ್ಬೇಕು ಅಂತ ಪ್ರತಿಯೊಬ್ಬರೂ 'ಭೇಷ್' ಅಂದ್ರು. ನಾನ್ಯಾಕೆ ಬಾಯಿ ಬಿಡ್ಲಿ?"

"ಇಷ್ಟು ವರ್ಷ ನನಗಾದರೂ ಹೇಳಬಾರದಿತ್ತಾ?"

"ನೀವು ಕೇಳಿದ್ದು ಯಾವಾಗ? ಈ ಮನೆಗೆ ಕಾಲಿಟ್ಟಾಗಿಂದ ನೀವೇ ಹೇಳ್ತಾ ಇದ್ದೀರಲ್ಲ!"

ಒಲೆಯ ಮುಂದಿದ್ದ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಮೇಷ್ಟ್ರು ಕೈ ಜೋಡಿಸಿದರು. "ಅತ್ತೆ, ಇವತ್ತೊಂದು ದಿನ ಜ್ವಾಲೆ ಅಂದ್ಬಿಡಿ. ನನ್ನ ಪಾಠದ ಪ್ರಶ್ನೆ." ಅತ್ತೆ, "ಅದಕ್ಕೇನಂತೆ, ಅಂದ್ರಾಯ್ತು" ಎಂದರು.

ಸಭಾಂಗಣ ತುಂಬಿತ್ತು. ಅತ್ತೆಗೆ ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ಅತ್ತೆ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದರೇನೋ. ಅಷ್ಟರಲ್ಲಿ ಅಧಿಕಾರಿಣಿ ಬಗ್ಗಿ, "ಅಮ್ಮಾ, ಆ ಕೆಂಪು ಭಾಗ ಎಷ್ಟು ನಾಜೂಕಾಗಿದೆ! ಹೇಗೆ ಹೊಲಿದ್ರಿ?" ಎಂದುಬಿಟ್ಟರು. ಹೊಲಿಗೆಯ ಮಾತು ಬಂದರೆ ಅತ್ತೆಗೆ ಲೋಕ ಮರೆತುಹೋಗುತ್ತದೆ. ಅಂಚು ಮಡಚಿದ್ದು, ಅಸ್ತರಿ ಬಟ್ಟೆ, ಕಡೆಗೆ ಇಸ್ತ್ರಿ ಪೆಟ್ಟಿಗೆ, ಎಲ್ಲವನ್ನೂ ಮೈಕಿನಲ್ಲಿ ಹೇಳಿ ಮುಗಿಸಿದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಣಿಯ ಹುಬ್ಬು ಮೇಲೇರಿತು. ಅತ್ತೆಗೆ ಅರುಳುಮರುಳು ಎಂದುಬಿಟ್ಟರೆ ಪಾಠ ಉಳಿಯುತ್ತಿತ್ತು. ಆದರೆ ಮುಂದಿನ ಸಾಲಿನಿಂದ ಹೆಂಡತಿ ಕಣ್ಣು ಕೆಕ್ಕರಿಸಿ ನೋಡುತ್ತಿದ್ದಳು. ಅದೂ ಅಲ್ಲದೆ, ಅಷ್ಟು ಜನರ ಮುಂದೆ ಮುದುಕಿಗೆ ಅವಮಾನ ಮಾಡಲು ಮೇಷ್ಟ್ರಿಗೇ ನಾಲಗೆ ಏಳಲಿಲ್ಲ. ಎದ್ದರು, ಅತ್ತೆಯ ಪಕ್ಕಕ್ಕೆ ಬಂದು ಮೈಕು ಹಿಡಿದರು.

"ಅತ್ತೆಯವರ ಮಾತಿನಲ್ಲಿ ಗೂಢಾರ್ಥವಿದೆ. ಸುಡುವುದೆಂದರೆ ತ್ಯಾಗ!"

"ತ್ಯಾಗ ಎಲ್ಲಿಂದ ಬಂತು, ಅಳಿಯಂದಿರೇ? ಗಮನ ತಪ್ಪಿತ್ತು. ಪಕ್ಕದ ಮೆಷಿನ್ನಿನವಳ ಜೊತೆ ಮಾತಾಡ್ತಿದ್ದೆ."

"ನೆರೆಹೊರೆಯ ಸೌಹಾರ್ದ!"

"ಸೌಹಾರ್ದವೂ ಇಲ್ಲ, ಎಂಥದೂ ಇಲ್ಲ. ಅವಳು ಗಂಡನ ಗೊರಕೆ ವಿಷಯ ಹೇಳ್ತಿದ್ಲು."

ಮೇಷ್ಟ್ರು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುಖ ಬೆಳಗಿತು. "ಕೇಳಿದಿರಾ ಮಹನೀಯರೇ? ಗೊರಕೆ ಎಂದರೆ ಅಂದಿನ ನಾಡಿನ ನಿದ್ರೆ. ಸೀದ ವಾಸನೆ ಎಂದರೆ ಎಚ್ಚರ! ಇಸ್ತ್ರಿ ಎಂದರೆ ಸಮಾಜದ ಸುಕ್ಕು ತೆಗೆಯುವ ಬಿಸಿ!"

"ಅಯ್ಯೋ, ಇವರಿಗೆ ಹೇಳಿ ಪ್ರಯೋಜನ ಇಲ್ಲ" ಎಂದು ಅತ್ತೆ ಕುರ್ಚಿಗೆ ಒರಗಿದರು. ಅದೂ ಮೈಕಿನಲ್ಲಿ ಕೇಳಿಸಿತು. ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಅಧಿಕಾರಿಣಿಯೂ ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಾಲ್ಕನೇ ತರಗತಿಯಲ್ಲಿ ಈ ಪಾಠ ಓದಿ ನಿದ್ದೆ ಮಾಡಿದ್ದೆ. ಹೀಗೆ ಹೇಳಿದ್ದಿದ್ರೆ ಎಚ್ಚರವಾಗಿರ್ತಿದ್ದೆ. ಇದನ್ನ ತೆಗೆಯೋ ಹಾಗೇ ಇಲ್ಲ" ಎಂದರು.

ಪಾಠ ಉಳಿಯಿತು. ತೆಳ್ಳಗಾಗಬೇಕಿದ್ದ ಪುಸ್ತಕದಲ್ಲಿ ಅದೊಂದು ಪಾಠ ಮಾತ್ರ ಎರಡು ಪುಟ ದಪ್ಪಗಾಯಿತು. ಹೊಸ ಪ್ರತಿ ಬಂದಾಗ ಮೇಷ್ಟ್ರು ಆತುರದಿಂದ ಬಿಡಿಸಿ ನೋಡಿದರು: ಪಾಠದ ಹೆಸರು 'ಇಸ್ತ್ರಿ ಅಜ್ಜಿಯ ಬಾವುಟ', ಪುಟದ ತುಂಬ ಅತ್ತೆಯ ಚಿತ್ರ, ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಮೇಷ್ಟ್ರ ಹೆಸರು.

ಎರಡು ದಿನ ಅವರು ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಸಣ್ಣ ಅಕ್ಷರವು ಯಾವ ಯಾವ ಸದ್ಗುಣಗಳ ಸಂಕೇತ ಎಂದು ವಿವರಿಸತೊಡಗಿದರು.