ಕರ್ನಲ್ ಸಾಹೇಬರ ಕೊನೆಯ ಬೆಟ್

2023ರಲ್ಲಿ ನಾನು ದೆಹಲಿಯ ಲೋಧಿ ಕಾಲೋನಿಯಲ್ಲಿ ಪೋಕರ್ ತರಬೇತುದಾರಳಾಗಿದ್ದೆ. ಅದಕ್ಕೂ ಮೊದಲು ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಕನ್ನಡ ಬಳಗದವರು ಎದುರಿಗೆ ‘ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಇಸ್ಪೀಟ್ ಟೀಚರ್’. ನಮ್ಮಲ್ಲಿ ಹಣ ಕಟ್ಟಿ ಆಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಸಮ ಪ್ಲಾಸ್ಟಿಕ್ ಚಿಪ್; ಅವು ಮುಗಿದರೆ ಎದ್ದು ಮನೆಗೆ. ಇದನ್ನು ಹೇಳಿ ಹೇಳಿ ಬಾಯಿ ನೋಯಿತೇ ಹೊರತು ಯಾರೂ ನಂಬಲಿಲ್ಲ, ನಾನೂ ಹೇಳುವುದನ್ನು ಬಿಟ್ಟೆ.

ಆ ವರ್ಷ ವಿದೇಶದ ಪಂದ್ಯಾವಳಿಯೊಂದಕ್ಕೆ ನಾಲ್ವರ ತಂಡ ಹೋಗುವುದಿತ್ತು. ಮೂವರ ಆಯ್ಕೆ ಮುಗಿದಿತ್ತು. ನಾಲ್ಕನೆಯ ಸ್ಥಾನ ಫರೀದಾಬಾದಿನಲ್ಲಿ ನಡೆಯುವ ಟೂರ್ನಮೆಂಟ್ ಗೆದ್ದವರಿಗೆ. ನನ್ನ ಶಿಷ್ಯ ದೇವಯ್ಯನಿಗೆ ಬೇಕಾಗಿದ್ದದ್ದು ಆ ಒಂದು ಸ್ಥಾನ.

ದೇವಯ್ಯ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಂದೆ ಕುಶಾಲಪ್ಪನವರು ಕೊಡಗಿನವರು, ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಮಗನನ್ನೂ ಸೇನೆಗೆ ಸೇರಿಸಬೇಕೆಂದಿದ್ದರು, ಕಣ್ಣಿನ ಪರೀಕ್ಷೆಯಲ್ಲಿ ಅವನು ಫೇಲಾದ. ಕೊನೆಗೆ ತಂದೆಯ ಹಳೆಯ ಕರ್ನಲ್ ಸಾಹೇಬರು ಕಾರ್ಖಾನೆಯ ಮಾಲೀಕರಿಗೆ ಒಂದು ಮಾತು ಹೇಳಿದ್ದರಿಂದ ಕೆಲಸ ಸಿಕ್ಕಿತು. ಅವನು ನನ್ನ ಬಳಿ ಬಂದ ಮೊದಲ ದಿನವೇ ಇದನ್ನೆಲ್ಲ ಹೇಳಿ, “ಮೇಡಂ, ಒಂದು ಚೀಜ್ ಆದ್ರೂ ನನ್ನದೇ ಅಂತ ಇರಬೇಕು. ಯಾರ ಸಿಫಾರಿಶ್ ಇಲ್ದೆ ಬಂದದ್ದು” ಎಂದಿದ್ದ. ಆ ಮಾತಿಗಾಗಿಯೇ ನಾನು ಅವನನ್ನು ಹಚ್ಚಿಕೊಂಡೆ.

ಆ ಟೂರ್ನಮೆಂಟಿನ ಬೆಟ್ಟಿಂಗ್ ಕ್ರಮ ಬೇರೆ ರೀತಿಯದು. ದೆಹಲಿಯ ಆಟಗಾರರಿಗೆ ಅಭ್ಯಾಸವಿದ್ದದ್ದು ನೋ ಲಿಮಿಟ್: ಯಾವಾಗ ಬೇಕಾದರೂ ಇರುವ ಚಿಪ್‌ಗಳನ್ನೆಲ್ಲ ಮುಂದೆ ತಳ್ಳಿ ಎದುರಾಳಿಯ ಬೆವರಿಳಿಸಬಹುದು. ಇಲ್ಲಿ ಫಿಕ್ಸೆಡ್ ಲಿಮಿಟ್. ಪ್ರತಿ ಸುತ್ತಿನಲ್ಲೂ ಬೆಟ್ ಇಷ್ಟೇ ಎಂದು ನಿಗದಿ, ಅದನ್ನು ಏರಿಸುವುದಕ್ಕೂ ಮೂರೇ ಸಲದ ಮಿತಿ. ಹಾಗಾಗಿ ಇಲ್ಲಿ ಹೆದರಿಸಿ ಗೆಲ್ಲುವುದು ಕಷ್ಟ. ಮಧ್ಯದ ರಾಶಿಯಲ್ಲಿ ಎಂಟು ಬೆಟ್ ಇದ್ದು, ಎದುರಾಳಿ ಒಂಬತ್ತನೆಯದನ್ನು ಹಾಕಿದ ಎನ್ನೋಣ. ಅವನ ಎಲೆ ನೋಡಲು, ಅಂದರೆ ‘ಕಾಲ್’ ಮಾಡಲು, ನಾವು ಹಾಕಬೇಕಾದದ್ದು ಇನ್ನೊಂದೇ ಒಂದು. ಹತ್ತು ಸಲದಲ್ಲಿ ಒಂದು ಸಲ ಅವನ ಬೆಟ್ ಬರೀ ಸುಳ್ಳಾಗಿದ್ದರೂ ನಮಗೆ ನಷ್ಟವಿಲ್ಲ; ಆಗ ಸಿಗುವ ಒಂಬತ್ತು ಬೆಟ್ ಉಳಿದ ಒಂಬತ್ತು ಸೋಲನ್ನು ತುಂಬಿಕೊಡುತ್ತದೆ. ಕೈಯಲ್ಲಿ ಒಳ್ಳೆಯ ಜೋಡಿಯಿದ್ದರೆ ಕೊನೆಯ ಬೆಟ್‌ಗೆ ಎಲೆ ಮಡಚಿ ರಾಶಿಯನ್ನು ಬಿಟ್ಟುಕೊಡುವುದು ಶುದ್ಧ ಮೂರ್ಖತನ. ಭಾನುವಾರ ಭಾನುವಾರ ಮೆಟ್ರೋ ಹಿಡಿದು ಬಂದು ದೇವಯ್ಯ ಇದನ್ನು ಅರೆದು ಕುಡಿದ. ಅವನಷ್ಟು ಚೆನ್ನಾಗಿ ಈ ಲೆಕ್ಕ ಹಿಡಿದವರನ್ನು ನಾನು ಕಂಡಿಲ್ಲ.

ಟೂರ್ನಮೆಂಟಿನ ದಿನ ಅವನು ಅದನ್ನು ತೋರಿಸಿಯೂ ಕೊಟ್ಟ. ನೋ ಲಿಮಿಟ್ ಶೂರರು ಬೇಸತ್ತು, ಸಿಕ್ಕಿದ್ದಕ್ಕೆಲ್ಲ ಬೆಟ್ ಏರಿಸಿ, ಒಬ್ಬೊಬ್ಬರಾಗಿ ಎದ್ದು ಹೋದರು. ಮಧ್ಯಾಹ್ನದ ಊಟದ ನಂತರ ಉಳಿದವರು ಇಬ್ಬರೇ. ಒಬ್ಬ ದೇವಯ್ಯ. ಇನ್ನೊಬ್ಬರು ಅದೇ ಕರ್ನಲ್ ಸಾಹೇಬರು.

ಅವರೂ ಆಡುತ್ತಾರೆಂದು ನನಗೆ ಗೊತ್ತಿತ್ತು, ಇಲ್ಲಿಯವರೆಗೆ ಬರುತ್ತಾರೆಂದು ಎಣಿಸಿರಲಿಲ್ಲ. ದೇವಯ್ಯ ಟೇಬಲ್ ಸುತ್ತಿ ಬಂದು, ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕರಿಸಿ, ಆಮೇಲೆ ತನ್ನ ಕುರ್ಚಿಯಲ್ಲಿ ಕೂತ. ಕೊಡಗಿನವರಲ್ಲಿ ಹಿರಿಯರನ್ನು ಕಂಡರೆ ಹಾಗೆಯೇ. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕುಶಾಲಪ್ಪನವರು, ಕರ್ನಲ್ ಕೂರುವವರೆಗೂ ಎದ್ದೇ ನಿಂತಿದ್ದರು.

ನಿರ್ಣಾಯಕ ಆಟದಲ್ಲಿ ದೇವಯ್ಯನ ಕೈಯಲ್ಲಿ, ಅವನ ಬೆನ್ನ ಹಿಂದೆ ಕೂತ ನನಗೂ ಕಂಡಂತೆ, ಒಂದು ರಾಜ, ಒಂದು ಎಕ್ಕ. ಟೇಬಲ್ ಮೇಲೆ ಇಬ್ಬರಿಗೂ ಸೇರಿದಂತೆ ತೆರೆದಿಟ್ಟ ಐದು ಎಲೆಗಳಲ್ಲಿ ಇನ್ನೊಂದು ರಾಜ. ಅವನಿಗೆ ಭರ್ಜರಿ ಜೋಡಿ. ರಾಶಿಯಲ್ಲಿ ಎಂಟು ಬೆಟ್ ಸೇರಿದ್ದವು. ಕರ್ನಲ್ ಒಂಬತ್ತನೆಯದನ್ನು ಹಾಕಿದರು. ನಾನು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಕಲಿಸಿದ ಲೆಕ್ಕವೇ ಎದುರಿಗಿತ್ತು. ಇದನ್ನು ಗೆದ್ದರೆ ಕರ್ನಲ್ ಬಳಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ದೇವಯ್ಯ ಚಿಪ್ ಕೈಗೆತ್ತಿಕೊಂಡ. ಆಗ ಕರ್ನಲ್, ತುಂಬ ಅಕ್ಕರೆಯಿಂದ, “ಬೇಡ ಮಗಾ. ನನ್ನ ಮಾತು ನಂಬು. ನಿನ್ನನ್ನ ಸೋಲಿಸೋ ಎಲೆ ನನ್ನ ಹತ್ರ ಇದೆ” ಎಂದರು.

ಇಬ್ಬರೇ ಉಳಿದಾಗ ಹಾಗೆ ಮಾತಾಡುವುದು ನಿಯಮಕ್ಕೆ ವಿರುದ್ಧವಲ್ಲ. ದೇವಯ್ಯ ಒಮ್ಮೆ ತಂದೆಯ ಕಡೆ ನೋಡಿದ. ಎತ್ತಿದ ಚಿಪ್ ಕೆಳಗಿಟ್ಟ. ಎಲೆ ಮಡಚಿದ.

ಕರ್ನಲ್ ಗಹಗಹಿಸಿ ನಕ್ಕು ತಮ್ಮ ಎಲೆ ತಿರುಗಿಸಿದರು. ಒಂಬತ್ತು, ಏಳು. ಒಂದು ಜೋಡಿಯೂ ಇಲ್ಲ. ಜನ ‘ವಾಹ್ ವಾಹ್’ ಎಂದರು. ಮುಂದಿನ ಮೂರು ಆಟಗಳಲ್ಲಿ ದೇವಯ್ಯನ ಚಿಪ್ ಮುಗಿದವು, ಸ್ಥಾನ ಕರ್ನಲ್ ಪಾಲಾಯಿತು.

ನನಗೆ ಮೈಯೆಲ್ಲ ಉರಿಯಿತು. ಹೊರಗೆ ಪಾರ್ಕಿಂಗ್‌ನಲ್ಲಿ ಅವನನ್ನು ಹಿಡಿದು, “ಲೆಕ್ಕ ಮರೆತೆಯೇನೋ?” ಎಂದು ಕೇಳಿದೆ.

“ಲೆಕ್ಕ ನೆನಪಿತ್ತು ಮೇಡಂ. ಆದ್ರೆ ಕೈಸೇ ಕರ್ತಾ, ಹೇಗೆ ಮಾಡ್ಲಿ? ನಾನು ಕಾಲ್ ಮಾಡಿದ್ರೆ, ಸರ್, ನೀವು ಸುಳ್ಳು ಹೇಳ್ತಿದ್ದೀರಿ ಅಂತ ಆಗ್ತಿತ್ತು. ಅದೂ ಅಪ್ಪನ ಮುಂದೆ.”

ಹಿಂದೆಯೇ ಕುಶಾಲಪ್ಪನವರು ಬಂದರು. ಮಗ ಸಭ್ಯನೆಂದು ಹೆಮ್ಮೆಪಡುತ್ತಾರೆ, ಇನ್ನು ಅದನ್ನೂ ಕೇಳಬೇಕಲ್ಲ ಎಂದುಕೊಂಡೆ. ಅವರ ಮುಖ ಕಪ್ಪಿಟ್ಟಿತ್ತು. ಮಗನನ್ನು ನೋಡದೆ ನನಗೆ ಹೇಳಿದರು: “ಸಾಹೇಬ್ರು ಆಟ ಆಡಿದ್ರು ಮೇಡಂ. ಇವನು ಅಟೆನ್ಷನ್‌ನಲ್ಲಿ ನಿಂತ. ಅಷ್ಟು ವರ್ಷ ನಾನು ಸೆಲ್ಯೂಟ್ ಹೊಡೆದದ್ದು ಇವನೂ ಹೊಡೀಲಿ ಅಂತಲಾ?”

ಅಪ್ಪನ ಮರ್ಯಾದೆಗೆಂದು ಸೋತವನಿಗೆ ಅಪ್ಪನೇ ಹೀಗೆಂದರೆ ಇನ್ನೇನು ಉಳಿಯಿತು? ಆ ಮುದುಕನೂ ಒಳಗೆ ಎದ್ದು ನಿಂತಿದ್ದವನೇ ಅಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಪ್ಪ ಮಗ ಒಂದೇ ಆಟೋದಲ್ಲಿ ಹೋದರು.

ಕರ್ನಲ್ ಸಾಹೇಬರು ವಿದೇಶಕ್ಕೆ ಹೋಗಿ ಮೊದಲ ದಿನವೇ ಹೊರಬಿದ್ದರು. ಅವರ ಮೇಲೆ ಸಿಟ್ಟಾಗಲು ನನಗೆ ನ್ಯಾಯವಾದ ಕಾರಣವಿಲ್ಲ. ಇದೇ ನನಗೆ ಹೆಚ್ಚು ಕಹಿ. ಅವರು ದೇವಯ್ಯನನ್ನು ಸಮಾನನಾದ ಎದುರಾಳಿಯೆಂದು ಕಂಡರು, ಅವನೇ ತನ್ನನ್ನು ಹಾಗೆ ಕಾಣಲಿಲ್ಲ.

ಈಗ ಹೊಸಬರು ಯಾರೇ ಬಂದರೂ ಎಲೆ, ಚಿಪ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಯಾರ ಸುಳ್ಳನ್ನು ಸುಳ್ಳು ಎನ್ನಲು ನಿನ್ನಿಂದ ಆಗುವುದಿಲ್ಲ? ಹೆಸರು ಹೇಳಿದರೆ, ಅವರಿರುವ ಟೇಬಲ್‌ನಲ್ಲಿ ಕೂರಲೇಬೇಡ ಎನ್ನುತ್ತೇನೆ. ನನ್ನ ಸಂಖ್ಯಾಶಾಸ್ತ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ.

ದೇವಯ್ಯ ಮತ್ತೆ ನನ್ನ ಬಳಿ ಬರಲಿಲ್ಲ. ಮೊನ್ನೆ ಸರೋಜಿನಿ ನಗರದ ಮಾರ್ಕೆಟ್‌ನಲ್ಲಿ ಅವನ ಹೆಂಡತಿ ಸಿಕ್ಕಿದ್ದಳು. ಭಾನುವಾರ ಏನು ಮಾಡುತ್ತಾನೆ ಎಂದು ಕೇಳಿದೆ.

“ಕರ್ನಲ್ ಸಾಹೇಬ್ರ ಮನೆಗೆ ಹೋಗ್ತಾರೆ ಮೇಡಂ,” ಎಂದಳು. “ನೀವು ಕಲಿಸಿದ್ರಲ್ಲ, ಆ ಲೆಕ್ಕ. ಅದನ್ನ ಅವರಿಗೆ ಕಲಿಸ್ತಿದ್ದಾರೆ.”