ಬಂದರಿನ ವ್ಯಾನಿನ ಟೈಮಣ್ಣ

ಶಾಲೆಯ ಮೇಷ್ಟರಿಗೆ ಟೈಮಣ್ಣನವರ ಪರಿಚಯವಾದದ್ದು ಬಸ್ಸು ತಪ್ಪಿದ ದಿನ. ಮೇಷ್ಟರು ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಕೊಡೆ ಬೀಸುತ್ತ ಓಡಿ ಬಂದರು. ಬಸ್ಸು ಅವರ ಮುಖಕ್ಕೆ ಹೊಗೆ ಬಿಟ್ಟು ಹೊರಟೇಹೋಯಿತು. ಮರುದಿನ ಅವರು ಡ್ರೈವರನ ಸೀಟಿನ ಪಕ್ಕದಲ್ಲೇ ನಿಂತು ಕೇಳಿದರು:

“ಏನಪ್ಪಾ, ನಿನ್ನೆ ಕನ್ನಡಿಯಲ್ಲಿ ನಾನು ಕಾಣಲಿಲ್ವಾ?”

“ಚೆನ್ನಾಗೇ ಕಂಡ್ರಿ ಮೇಷ್ಟ್ರೇ. ನಿಮಗೋಸ್ಕರ ನಿಂತರೆ ಮುಂದಿನ ಸ್ಟಾಪಿನವರು ನನ್ನ ಜನ್ಮ ಜಾಲಾಡ್ತಾರೆ.”

ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟರೂ ನಕ್ಕರು, ಆಮೇಲೆ ಎಂದೂ ತಡಮಾಡಲಿಲ್ಲ. ಟೈಮಣ್ಣ ಎಂಬ ಹೆಸರು ಆ ಡ್ರೈವರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ.

ಟೈಮಣ್ಣನವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ನಿವೃತ್ತರಾದ ವರ್ಷವೇ ಚರ್ಚಿನಲ್ಲಿ ಪಾದ್ರಿಗಳು ಒಂದು ಪ್ರಕಟಣೆ ಓದಿದರು: ಸಮುದ್ರದಾಚೆಯ ಒಂದು ಬಂದರಿನಲ್ಲಿ ಹಡಗಿನಿಂದ ಇಳಿದ ನಾವಿಕರು ದಣಿವಾರಿಸಿಕೊಳ್ಳಲು ಚರ್ಚಿನ ಮಿಷನ್ ಮನೆಯೊಂದಿದೆ, ಅಲ್ಲಿ ವ್ಯಾನು ಓಡಿಸಲು ಸ್ವಯಂಸೇವಕರೊಬ್ಬರು ಬೇಕು, ಸಂಬಳವಿಲ್ಲ, ಊಟ ವಸತಿ ಉಂಟು. ಟೈಮಣ್ಣ ಕೈ ಎತ್ತಿದರು.

“ಇಲ್ಲಿರೋ ದೇವರು ಸಾಲದೇನೋ ನಿನಗೆ? ಈ ವಯಸ್ಸಲ್ಲಿ ಯಾರಿಗೋ ಗಾಡಿ ಹೊಡೆಯೋಕೆ ಅಷ್ಟು ದೂರ ಹೋಗ್ಬೇಕಾ?” ಎಂದರು ಅಕ್ಕ.

“ಸೇವೆ ಅಕ್ಕ, ಸೇವೆ.”

ಚರ್ಚಿನ ಸಭೆಯವರೆಲ್ಲ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿಕೊಟ್ಟರು. ಮೂರು ತಿಂಗಳು ನೋಡಿ, ಹೊಂದಿಕೊಂಡರೆ ಇರಿಸಿಕೊಳ್ಳುವುದು, ಇಲ್ಲವಾದರೆ ಹಿಂದಕ್ಕೆ ಕಳುಹಿಸುವುದು ಎಂಬುದು ಮಿಷನ್ನಿನ ಕರಾರು. ಟೈಮಣ್ಣ ಬಾಡಿಗೆ ಮನೆಯನ್ನೂ ಖಾಲಿಮಾಡಿ ಹೊರಟಿದ್ದರು. ತನ್ನಿಂದ ಇನ್ನೂ ಯಾರಿಗಾದರೂ ಪ್ರಯೋಜನವಿದೆಯೇ ಎಂಬುದು ಅವರಿಗೆ ಗೊತ್ತಾಗಬೇಕಿತ್ತು.

ಮಿಷನ್ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ. ಕಬ್ಬಿಣದ ಮಂಚ, ಒಂದು ಕುರ್ಚಿ. ಕಿಟಕಿ ತೆರೆದರೆ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳು. ಹಡಗು ಹತ್ತಿ ಸುವಾರ್ತೆ ಸಾರುವುದೇ ತನ್ನ ಕೆಲಸವೆಂದು ಟೈಮಣ್ಣ ಅಂದುಕೊಂಡಿದ್ದರು. ಅಲ್ಲಿನ ಪಾದ್ರಿ ಅಯ್ಯನವರು ನಮ್ಮ ಭಾಷೆಯವರೇ, ಬಹಳ ಕಾಲದಿಂದ ಅಲ್ಲಿ ನೆಲೆಸಿದವರು. ಮೊದಲ ದಿನವೇ ಹೇಳಿಬಿಟ್ಟರು:

“ಬರೋರಿಗೆ ಮೊದಲು ಬೇಕಾಗಿರೋದು ವೈಫೈ. ಆಮೇಲೆ ಬಿಸಿ ಟೀ. ದೇವರ ವಿಷಯ ಅವರಾಗೇ ಕೇಳಿದರೆ ಮಾತ್ರ.”

ಹಡಗುಗಳ ಬಳಿಯಿಂದ ನಾವಿಕರನ್ನು ವ್ಯಾನಿನಲ್ಲಿ ಕರೆತರುವುದು, ಸಂಜೆ ಮತ್ತೆ ಹಡಗಿನ ಬಳಿಗೇ ಬಿಡುವುದು, ಇದೇ ಕೆಲಸ. ಇಂದು ಕಂಡ ಮುಖ ನಾಳೆ ಸಮುದ್ರದ ಮೇಲೆ. ಹೆಸರು ಕೇಳಿ ನೆನಪಿಟ್ಟುಕೊಳ್ಳುವಷ್ಟರಲ್ಲಿ ಹಡಗು ಹೊರಟಿರುತ್ತಿತ್ತು. ಅಯ್ಯನವರು ಸಂಜೆ ಸಂಸಾರದ ಕಡೆ ಹೋದರೆ, ಇಡೀ ಮನೆಯಲ್ಲಿ ಇವರೊಬ್ಬರೇ. ಊಟಕ್ಕೆ ಕುಳಿತಾಗ ಚಮಚದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ತನ್ನ ದನಿ ತನಗೇ ಮರೆತುಹೋದೀತೆಂದು ಅವರು ಬೈಬಲಿನ ಕೀರ್ತನೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ವ್ಯಾನು ಹೊರಡುವ ಹೊತ್ತಾಯಿತು. ಎಲ್ಲರೂ ಹತ್ತಿ ಕುಳಿತರು. ಒಬ್ಬ ಮಾತ್ರ, ಹಡಗಿನ ಅಡುಗೆಯವನು, ನಲವತ್ತು ದಾಟಿದವನು, ಮಿಷನ್ ಮನೆಯೊಳಗೆ ಗೋಡೆಗೆ ಮುಖಮಾಡಿ ಫೋನು ಹಿಡಿದು ನಿಂತಿದ್ದ. ಟೈಮಣ್ಣ ಗಾಜು ತಟ್ಟಿ ಗಡಿಯಾರ ತೋರಿಸಿದರು. ಅವನು ತಿರುಗದೆಯೇ ಕೈ ಎತ್ತಿದ, ಸ್ವಲ್ಪ ಇರು ಎಂಬಂತೆ. ಟೈಮಣ್ಣ ವ್ಯಾನು ಹೊರಡಿಸಿಬಿಟ್ಟರು.

ಅಡುಗೆಯವನು ನಡೆದುಕೊಂಡೇ ಹೊರಟನಂತೆ. ಕಂಟೇನರುಗಳ ನಡುವೆ ನಡೆಯುವುದು ನಿಷಿದ್ಧ, ಕಾವಲಿನವರು ಹಿಡಿದರು. ಮಾರನೆಯ ಬೆಳಿಗ್ಗೆ ಹಡಗಿನ ಕಪ್ತಾನನ ದೂರು ಬಂತು. ಅಯ್ಯನವರು ಟೈಮಣ್ಣನವರನ್ನು ಕರೆದು ಕೂರಿಸಿದರು.

“ಅವನು ಫೋನಲ್ಲಿ ಏನು ನೋಡ್ತಿದ್ದ ಗೊತ್ತಾ? ಅವನ ತಾಯಿನ ಮಣ್ಣು ಮಾಡ್ತಿದ್ರು. ವ್ಯಾನು ಹೊರಟ ಸದ್ದು ಕೇಳಿ, ಅರ್ಧಕ್ಕೇ ಬಿಟ್ಟು ಹಿಂದೆ ಓಡಿದಾನೆ.”

ಟೈಮಣ್ಣ ವ್ಯಾನಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ನನ್ನನ್ನ ಊರಿಗೆ ಕಳಿಸಿಬಿಡಿ ಅಯ್ಯನವರೇ. ಈ ಕೆಲಸ ನನ್ನಂಥವನದಲ್ಲ” ಎಂದರು.

“ಕಳಿಸೋದು ದೊಡ್ಡ ಮಾತಲ್ಲ. ಹಡಗು ಇನ್ನೂ ಹೋಗಿಲ್ಲ. ಮೊದಲು ಅವನನ್ನ ನೋಡ್ಕೊಂಡು ಬನ್ನಿ.”

ಅಲ್ಲಾಡುವ ಏಣಿಯ ಹಗ್ಗ ಹಿಡಿದು ಟೈಮಣ್ಣ ಮೊಟ್ಟಮೊದಲ ಸಲ ಒಂದು ಹಡಗು ಹತ್ತಿದರು. ಅಡುಗೆಯವನು ಆಲೂಗಡ್ಡೆ ಹೆರೆಯುತ್ತ ಕುಳಿತಿದ್ದ. ಹರಕುಮುರುಕು ಇಂಗ್ಲಿಷಿನಲ್ಲಿ ಇವರು ಕ್ಷಮೆ ಕೇಳಿದರು. ಅವನು ಕಾಲಿನಿಂದ ಒಂದು ಸ್ಟೂಲು ತಳ್ಳಿ, ಇನ್ನೊಂದು ಚಾಕು ಕೊಟ್ಟ. ಇಬ್ಬರೂ ಹೆರೆದರು.

“ದಪ್ಪ ಹೆರೀತಿದ್ದೀಯ ಬ್ರದರ್. ಸಿಪ್ಪೆಲೇ ಅರ್ಧ ಆಲೂಗಡ್ಡೆ ಹೋಯ್ತು” ಎಂದ ಅವನು ಕೊನೆಗೆ.

“ಅಡುಗೆ ಮನೆಗೆ ನನ್ನನ್ನ ಯಾರೂ ಸೇರಿಸಿರಲಿಲ್ಲ.”

ಇನ್ನೂ ಸ್ವಲ್ಪ ಹೊತ್ತಿಗೆ ಅವನು ಚಾಕು ಕೆಳಗಿಟ್ಟ. “ಅಮ್ಮನಿಗಾಗಿ ಒಂದು ಪ್ರಾರ್ಥನೆ ಮಾಡ್ತೀಯಾ? ನಿನ್ನ ಭಾಷೆಯಲ್ಲೇ ಮಾಡು, ಪರವಾಗಿಲ್ಲ.”

ಬಂದಾಗಿನಿಂದ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. ಊರಿನಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸುತ್ತಿದ್ದ ಟೈಮಣ್ಣನವರು ಇಲ್ಲಿ ನಾಲ್ಕೇ ಮಾತು ಆಡಿದರು. ಉಳಿದದ್ದನ್ನು ದೇವರೇ ತಿಳಿದುಕೊಳ್ಳಲೆಂದು ಆಮೆನ್ ಎಂದುಬಿಟ್ಟರು. ಅವನೂ ಆಮೆನ್ ಎಂದ. ಆ ಮಧ್ಯಾಹ್ನವೇ ಹಡಗು ಹೊರಟಿತು. ಅವನು ಈಗ ಎಲ್ಲಿದ್ದಾನೋ ಟೈಮಣ್ಣನವರಿಗೆ ತಿಳಿಯದು.

ಕರಾರಿನ ಗಡುವು ಮುಗಿದ ದಿನ ಅಯ್ಯನವರು, “ಟಿಕೆಟ್ ತೆಗೆಸಲಾ?” ಎಂದು ಕೇಳಿದರು. “ಬೇಡ, ಇನ್ನೂ ಕೆಲಸ ಕಲೀತಿದ್ದೀನಿ” ಎಂದರು ಇವರು. ಅಯ್ಯನವರು ಮತ್ತೆ ಆ ಮಾತೆತ್ತಲಿಲ್ಲ.

ಒಂಟಿತನವೇನೂ ಕಳೆದಿಲ್ಲ. ಭಾನುವಾರ ಅಕ್ಕನ ಫೋನು ಬರುತ್ತದೆ.

“ಅಲ್ಲಿ ಸ್ನೇಹಿತರು ಯಾರಾದ್ರೂ ಆದ್ರೇನೋ?”

“ತುಂಬಾ ಜನ ಆದ್ರು ಅಕ್ಕ. ಎಲ್ರೂ ಹೊರಟುಹೋದ್ರು.”

ಈಗೀಗ ಬೆಳಗಿನ ಹೊತ್ತು ಅಯ್ಯನವರ ಜೊತೆ ಟೈಮಣ್ಣನವರೂ ಹಡಗು ಹತ್ತುತ್ತಾರೆ. ಅಯ್ಯನವರು ಕಪ್ತಾನನ ಬಳಿಗೆ ಹೋದರೆ ಇವರು ನೇರವಾಗಿ ಅಡುಗೆಕೋಣೆಗೆ ಹೋಗಿ, ಹೆರೆಯುವುದೋ ತೊಳೆಯುವುದೋ ಇದ್ದರೆ ಮಾಡುತ್ತ, ಯಾರಾದರೂ ಮಾತಾಡಿದರೆ ಕೇಳಿಸಿಕೊಳ್ಳುತ್ತ ಕುಳಿತಿರುತ್ತಾರೆ.