ಮಗಳ ಅಂಕಕ್ಕೆ ನಾನು ಸೇರಿಸಿದ ಇನ್ನೂರು

ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಮೇಲಿನ ವಾಸುವಿನ ಮನೆಯಲ್ಲಿ ಆ ಭಾನುವಾರ ಊಟಕ್ಕೆ ಕೂತವರು ಆರು ಜನ. ಮೈಸೂರಿನಲ್ಲಿ ನನ್ನ ಜೊತೆ ಓದಿದ ವಾಸು, ಅವನ ಹೆಂಡತಿ ಪದ್ಮ, ಮಗ ಅರವಿಂದ; ಈ ಕಡೆ ನಾನು, ನನ್ನ ಹೆಂಡತಿ ಇಂದಿರಾ, ಮಗಳು ಮಾಲಿನಿ. ಮಕ್ಕಳಿಬ್ಬರೂ ಹೈಸ್ಕೂಲಿನ ಕೊನೆಯ ವರ್ಷದವರು.

"ನಮ್ಮ ಅರವಿಂದಂದು ಸಾವಿರದ ನಾನೂರ ಎಂಬತ್ತು ಬಂತು," ಎಂದರು ಪದ್ಮ, ಇನ್ನೊಂದು ಹಪ್ಪಳ ಹಾಕಲೇ ಎಂದು ಕೇಳುವಷ್ಟೇ ಸಲೀಸಾಗಿ.

ಕಾಲೇಜಿಗೆ ಹೋಗುವ ಮಕ್ಕಳು ಶನಿವಾರ ಬೆಳಗ್ಗೆ ಸರಿಯುತ್ತರದ ಸೊನ್ನೆಯನ್ನು ಪೆನ್ಸಿಲ್ಲಿನಲ್ಲಿ ತುಂಬಿ ಬರೆಯುವ ಎಸ್.ಎ.ಟಿ. ಪರೀಕ್ಷೆ ಅದು. ಒಟ್ಟು ಅಂಕ ಸಾವಿರದ ಆರುನೂರು.

ನನಗೆ ಹೊಟ್ಟೆಕಿಚ್ಚಾಯಿತು. ನಿಮ್ಮ ಹತ್ತಿರ ಮುಚ್ಚಿಡುವುದೇನು? ಹೊಟ್ಟೆಕಿಚ್ಚಿನವರನ್ನು ಕಂಡರೆ ನಮ್ಮಜ್ಜಿ, "ಪಾಪ, ಒಂದು ಲೋಟ ಮಜ್ಜಿಗೆ ಕೊಡ್ರೇ," ಎನ್ನುತ್ತಿದ್ದಳು. ನಾನು ಮೂರು ಲೋಟ ಕುಡಿದೆ. ಆರಲಿಲ್ಲ.

ನಮ್ಮ ಕಾಲದ ಹೊಟ್ಟೆಕಿಚ್ಚಿಗೆ ಒಂದು ಮಿತಿಯಿತ್ತು. ಫಲಿತಾಂಶವನ್ನು ಶಾಲೆಯ ಗೋಡೆಗೆ ಅಂಟಿಸುತ್ತಿದ್ದರು. ಪಾಸಾದವನು ಪೇಡೆ ಹಂಚುತ್ತಿದ್ದ, ಡುಮ್ಕಿ ಹೊಡೆದವನು ಸಂಜೆಯೊಳಗೆ ಅತ್ತು ಮುಗಿಸುತ್ತಿದ್ದ. ಇಲ್ಲಿ ಅಂಕ ಅಂಚೆಯಲ್ಲಿ ಗುಟ್ಟಾಗಿ ಬರುತ್ತದೆ. ಗುಟ್ಟಾದ್ದರಿಂದಲೇ ಎಲ್ಲರಿಗೂ ಪಕ್ಕದ ಮನೆಯದು ಬೇಕು. ನೇರವಾಗಿ ಕೇಳುವುದು ಚೆನ್ನಾಗಿರುವುದಿಲ್ಲವಲ್ಲ. ತಮ್ಮದನ್ನು ಹೇಳಿ ಸುಮ್ಮನಾಗುತ್ತಾರೆ. ಆ ಮೌನವನ್ನು ನೀವು ತುಂಬಬೇಕು.

ನಾನು ತುಂಬಿದೆ. "ಮಾಲೂದು ಸಾವಿರದ ಮುನ್ನೂರ ನಲವತ್ತು."

ಬಂದಿದ್ದು ಸಾವಿರದ ನೂರ ನಲವತ್ತು. ಎದುರಿಗೇ ಕೂತಿದ್ದ ಮಾಲಿನಿ ಚಮಚ ಕೆಳಗಿಟ್ಟಳು.

"ಭೇಷ್ ಕಣೇ ಮಾಲೂ! ಹೇಳಲೇ ಇಲ್ವಲ್ಲೇ?" ಎಂದ ವಾಸು.

ಅವಳು ನನ್ನನ್ನೊಮ್ಮೆ ನೋಡಿ, "ಥ್ಯಾಂಕ್ಸ್, ಅಂಕಲ್," ಎಂದಳು. ಅಪ್ಪನ ಮಾನ ಉಳಿಸಿದಳು.

ಫ್ರೀವೇ ಹಿಡಿದು ಮನೆಗೆ ಹೊರಟೆವು. ನಮ್ಮೂರು ಮೌಂಟನ್ ವ್ಯೂ ಹತ್ತಿರವಾದಾಗ ಇಂದಿರಾ, "ಅಲ್ಲಾರೀ, ಇನ್ನೂರಕ್ಕೆ ಯಾಕೆ ನಿಲ್ಲಿಸಿದ್ರಿ? ಐನೂರು ಸೇರಿಸಿದ್ರೆ ಪರೀಕ್ಷೇನೇ ದಾಟ್ಬಿಡ್ತಿದ್ಲು," ಎಂದಳು. ಹಿಂದಿನ ಸೀಟಿನಿಂದ ನಗು ಬರಲಿಲ್ಲ.

ಆ ಪರೀಕ್ಷೆಯ ಮಾದರಿ ಪುಸ್ತಕವನ್ನು ಒಂದು ದಿನ ನಾನೂ ತೆರೆದೆ. ವಿರುದ್ಧಪದಗಳಲ್ಲಿ ಇಪ್ಪತ್ತಕ್ಕೆ ಒಂಬತ್ತು ಸರಿ. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಸಂಬಳ ಎಣಿಸಿದವನಿಗೆ ಒಂಬತ್ತು! ಪುಸ್ತಕ ಮುಚ್ಚಿ ಅದರ ಜಾಗದಲ್ಲಿಟ್ಟೆ. ಬುದ್ಧಿ ಮಾತ್ರ ಬರಲಿಲ್ಲ. ಆ ಇಪ್ಪತ್ತರಲ್ಲಿ ಅರವಿಂದನಿಗೆ ಎಷ್ಟು ಸರಿ ಬಂದಿರಬಹುದು ಎಂದೇ ಲೆಕ್ಕ ಹಾಕಿದೆ.

ಎರಡು ವಾರ ಕಳೆದು ಮಾಲಿನಿ ಒಂದು ಅರ್ಜಿ ತಂದು ಮುಂದಿಟ್ಟಳು. ಅದೇ ಪರೀಕ್ಷೆ, ಇನ್ನೊಂದು ಸಲ.

"ಯಾಕಮ್ಮಾ?"

"ಯೂ ಟೋಲ್ಡ್ ದೆಮ್ ತರ್ಟೀನ್ ಫಾರ್ಟಿ, ಅಪ್ಪ. ನಾನು ತಗೋಬೇಕಲ್ಲ?"

ಬೇಡ ಎನ್ನಬೇಕಿತ್ತು. ಸಹಿ ಹಾಕಿದೆ. ಬಂದರೂ ಬಂದೀತು ಎಂಬ ಆಸೆ, ನೋಡಿ. ಅವಳು ಪ್ರಾಣದಂತಿದ್ದ ಈಜಿನ ತಂಡ ಬಿಟ್ಟಳು, ಗೆಳತಿಯರ ಫೋನು ಬಿಟ್ಟಳು. ಪರೀಕ್ಷೆಯ ದಿನ ನಾನು ಶಾಲೆಯ ಹೊರಗೆ ಮಂಜಿನಲ್ಲಿ ಕಾರು ನಿಲ್ಲಿಸಿಕೊಂಡು ಮೂರು ಗಂಟೆ ಕಾದೆ. ಒಳಗೆ ಹೋಗಿ ಕೈಹಿಡಿದು ಕರೆತಂದುಬಿಡಲೇ ಎಂದು ಎರಡು ಸಲ ಬಾಗಿಲು ತೆರೆದು ಮತ್ತೆ ಮುಚ್ಚಿದೆ.

ಲಕೋಟೆ ಬಂತು. ಸಾವಿರದ ನೂರ ಅರವತ್ತು.

"ಇನ್ನೂ ಒನ್ ಎಯ್ಟಿ ಶಾರ್ಟು," ಎಂದ ಮಾಲಿನಿ ನಗಲು ಹೋಗಿ ಅತ್ತುಬಿಟ್ಟಳು.

ನಾನು ಅಲ್ಲೇ, ಅವಳ ಎದುರಿಗೇ, ವಾಸುವಿಗೆ ಫೋನು ಮಾಡಿದೆ. ಮೊದಲು ಬಂದ ಅಂಕ, ನಾನು ಹೇಳಿದ ಅಂಕ, ಈಗ ಬಂದ ಅಂಕ, ಎಲ್ಲ ಹೇಳಿದೆ. ಹೊಟ್ಟೆಕಿಚ್ಚು ಕಣೋ, ಅಷ್ಟೇ, ಎಂದೂ ಹೇಳಿದೆ.

"ಥೂ ನಿನ್ನ! ಮಗೂಗೆ ಕೊಡೋ ಫೋನು," ಎಂದ ವಾಸು.

ಮಾಲಿನಿ ಗೋಡೆಗೆ ಒರಗಿ, ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾಲು ಗಂಟೆ ಕೇಳಿದಳು. ಮೊದಲು ಹ್ಞೂಂಗುಟ್ಟಿದಳು, ಆಮೇಲೆ ಮೂಗೊರೆಸಿಕೊಂಡಳು, ಕೊನೆಗೆ ಜೋರಾಗಿ ನಕ್ಕಳು. ಆ ನಗು ಕೇಳಿ ಎರಡು ತಿಂಗಳಾಗಿತ್ತು.

"ಏನಂದ ವಾಸು?" ಎಂದು ಕೇಳಿದೆ.

"ನಥಿಂಗ್, ಅಪ್ಪ."

ಅವನು ಏನು ಹೇಳಿದನೋ ಇಂದಿಗೂ ಇಬ್ಬರೂ ಬಾಯಿಬಿಟ್ಟಿಲ್ಲ. ಅವನ ಮಗನ ಸಾವಿರದ ನಾನೂರ ಎಂಬತ್ತರ ಹೊಟ್ಟೆಕಿಚ್ಚು ಎಂದೋ ಆರಿತು. ಆ ಕಾಲು ಗಂಟೆಯದು ಮಾತ್ರ ಇನ್ನೂ ಆರಿಲ್ಲ.